ಸುಂಕದ ಮನೆಯ ಮೊಹರು

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸಿನ ಚಪ್ಪಲಿಯಲ್ಲಿ ಮಣ್ಣಿತ್ತು, ಉಗುರಿನಲ್ಲಿ ಮಣ್ಣಿತ್ತು, ಬರೆದು ತಂದ ದೂರಿನ ಅಂಚಿಗೂ ಮಣ್ಣು ಮೆತ್ತಿತ್ತು. ಕಡಲಾಚೆಯ ವ್ಯಾಪಾರಿಗಳು ಕಟ್ಟಿ, ಆಳಿ, ಬಿಟ್ಟುಹೋದ ಹಳೇ ಪೇಟೆಯಲ್ಲಿ ನಡೆಯುತ್ತಿದ್ದ ಉತ್ಖನನಕ್ಕೆ ಆಕೆ ಮೇಲ್ವಿಚಾರಕಿ. ಅಗೆಯುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಸುಂಕದ ಮನೆಯ ಮೊಹರು. ಹಿತ್ತಾಳೆದು, ಮುಷ್ಟಿಯಷ್ಟಿದೆ."

"ಬೆಲೆ?"

"ಬೆಲೆ ಕಟ್ಟೋಕಾಗಲ್ಲ ಸರ್."

"ಎಫ್‌ಐಆರ್‌ನಲ್ಲಿ ಅದಕ್ಕೊಂದು ಜಾಗ ಇದೆ ಮೇಡಂ. ಖಾಲಿ ಬಿಡೋ ಹಾಗಿಲ್ಲ."

"ಹಾಗಾದ್ರೆ ಗುಜರಿ ಬೆಲೆ ಬರ್ಕೊಳ್ಳಿ. ನಗುವವರು ನಗಲಿ."

ದೂರಿನ ಕೊನೆಯ ಸಾಲಿನಲ್ಲಿ ಕಾವಲುಗಾರನ ಮೇಲೆ ಅನುಮಾನ ಎಂದಿತ್ತು. ಅಷ್ಟರಲ್ಲೇ ಅವನನ್ನು ಕೆಲಸದಿಂದ ನಿಲ್ಲಿಸಿಯೂ ಆಗಿತ್ತು.

"ನಿಮಗೆ ಅನುಮಾನ ಇದೆಯಾ?"

"ಮೇಲಿನವರು ಬರೆಸಿದ್ದು. ನನ್ನ ಕೇಳಿದವರ್ಯಾರು?"

"ನಾನು ಕೇಳ್ತಿದೀನಿ."

"ಇಲ್ಲ."

ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಸಿಕ್ಕ ವಸ್ತುಗಳನ್ನಿಡುವ ತಗಡಿನ ಕೋಣೆಯ ಬೀಗ ಮುರಿದಿರಲಿಲ್ಲ. ಒಂದು ಕೀಲಿ ಮೇಲ್ವಿಚಾರಕಿಯ ಹತ್ತಿರ, ಒಂದು ಕಾವಲುಗಾರನ ಹತ್ತಿರ, ಮೂರನೆಯದು ಬಾಗಿಲ ಪಕ್ಕದ ಇಟ್ಟಿಗೆಯ ಕೆಳಗೆ.

"ಇಲ್ಲಿರೋದು ಯಾರಿಗೆ ಗೊತ್ತು?" ದಫೇದಾರರು ಕೇಳಿದರು.

"ಯಾರಿಗೂ ಗೊತ್ತಿಲ್ಲ. ನಮ್ಮವರಿಗೆ ಬಿಟ್ರೆ."

"ನಿಮ್ಮವರು ಅಂದ್ರೆ?"

"ಎಲ್ಲಾ ಸ್ವಯಂಸೇವಕರು."

ದಫೇದಾರರು ಇಟ್ಟಿಗೆಯನ್ನು ಮರ್ಯಾದೆಯಿಂದ ಸ್ವಸ್ಥಾನಕ್ಕೆ ಸೇರಿಸಿದರು.

ಮೊಹರು ಸಿಕ್ಕಿದ್ದು ಶನಿವಾರ, 'ಹಲ್ಲು ಡಾಕ್ಟರು' ಎಂದೇ ಎಲ್ಲರೂ ಕರೆಯುವ ನಿವೃತ್ತ ದಂತವೈದ್ಯರ ಗುಂಡಿಯಲ್ಲಿ. ಆದರೆ ಸಿಕ್ಕಿದ್ದು ಅವರಿಗಲ್ಲ. ಉತ್ಖನನಕ್ಕೆ ಹಣ ಕೊಟ್ಟ ದಾನಿಯ ಹೆಂಡತಿ ನೋಡಲು ಬಂದಿದ್ದರು. ಫೋಟೋಗೆಂದು ಅವರ ಕೈಗೆ ಕರಣೆ ಕೊಡಲಾಯಿತು. ಎರಡು ಸಲ ಕೆರೆದರು, ಠಣ್ ಎಂದಿತು. ಭಾನುವಾರದ ಪತ್ರಿಕೆಯಲ್ಲಿ ಅವರ ನಗುಮುಖ, ಪಕ್ಕದಲ್ಲಿ ಮೊಹರು. ಅದೇ ಸಂಜೆ ಮೊಹರು ಕಾಣೆ; ಸೋಮವಾರದ ಪತ್ರಿಕೆಯಲ್ಲಿ ಆ ಸುದ್ದಿ, ಜೊತೆಗೆ ಕಾವಲುಗಾರನ ಮೇಲೆ ಅನುಮಾನ.

"ಡಾಕ್ಟರು ಎಲ್ಲಿದ್ರು?"

"ಪಾಪ, ನೀರು ಕುಡಿಯೋಕೆ ಎದ್ದಿದ್ರು," ಮೇಲ್ವಿಚಾರಕಿ ಅಂದರು.

ಸಂಜೆ ಕಾವಲುಗಾರ ಠಾಣೆಯ ಬೆಂಚಿನ ತುದಿಯಲ್ಲಿ, ಪೂರ್ತಿ ಕೂರುವುದಕ್ಕೂ ಅನುಮತಿ ಬೇಕೇನೋ ಎಂಬಂತೆ ಕೂತಿದ್ದ.

"ಅದನ್ನ ಮುಟ್ಟಿದ್ದೆಯಾ?"

"ನೋಡೂ ಇಲ್ಲ ಸಾರ್. ಅಲ್ಲಿ ಕರಣೆ, ಜರಡಿ ಯಾವುದನ್ನೂ ನಮಗೆ ಮುಟ್ಟೋಕೆ ಬಿಡಲ್ಲ." ಬೆಂಚಿನ ಅಂಚು ಹಿಡಿದು ಹೇಳಿದ, "ಮನೆ ಓನರಮ್ಮ ಪೇಪರ್ ಓದ್ತಾರೆ ಸಾರ್. ಬೆಳಗ್ಗೆಯಿಂದ ನನ್ನ ಮಗಳನ್ನ ಒಳಗೆ ಕರೀತಿಲ್ಲ."

ಇನ್‌ಸ್ಪೆಕ್ಟರ್ ಅವನನ್ನು ಮನೆಗೆ ಕಳಿಸಿದರು. ಮಂಗಳವಾರವಿಡೀ ಗುಜರಿ ಅಂಗಡಿ, ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿದರು. ದಫೇದಾರರ ಚಪ್ಪಲಿ ಸವೆದದ್ದೇ ಬಂತು.

ಬುಧವಾರ ಹನ್ನೊಂದಕ್ಕೆ ಫೋನು: ಮೊಹರು ಸಿಕ್ಕಿದೆ. ಅದೇ ಗುಂಡಿಯಲ್ಲಿ, ಈ ಸಲ ಹಲ್ಲು ಡಾಕ್ಟರ ಕೈಗೇ.

ಜನ ಅವರನ್ನು ಮುತ್ತಿಕೊಂಡಿದ್ದರು. ಡಾಕ್ಟರು ಮೊಹರನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು.

"ಕಳ್ಳ ಹೆದರಿ ಹೂತಿಟ್ಟು ಓಡಿದಾನೆ," ಮೇಲ್ವಿಚಾರಕಿ ಅಂದರು. "ದೂರು ವಾಪಸ್ ತಗೊಳ್ತೀನಿ ಸರ್. ವಸ್ತು ಸಿಕ್ತಲ್ಲ."

"ವಸ್ತು ಸಿಕ್ತು. ಕಳ್ಳ ಸಿಗದೇ ಇದ್ರೆ ಊರ ಬಾಯಲ್ಲಿ ಕಾವಲುಗಾರನೇ ಕಳ್ಳ. ಪೊಲೀಸರು ಒದ್ದ ಮೇಲೆ ತಂದಿಟ್ಟ ಅಂತಾರೆ. ಆ ಮಾತನ್ನ ಯಾರು ವಾಪಸ್ ತಗೋತಾರೆ?"

ಇನ್‌ಸ್ಪೆಕ್ಟರ್ ಗುಂಡಿಗಿಳಿದರು. ನಾಲ್ಕೂ ಗೋಡೆಗಳಲ್ಲಿ ಹರಳುಗಲ್ಲು, ಹೆಂಚಿನ ಚೂರು, ಗಾರೆ. ಮೊಹರಿನ ಮೇಲೆ ಮುಚ್ಚಿದ್ದ ಮಣ್ಣಿನಲ್ಲಿ ಮಾತ್ರ ಒಂದು ಹರಳೂ ಇರಲಿಲ್ಲ.

ಮಹಿಳಾ ಪೇದೆ ಅದನ್ನು ಬೆರಳಲ್ಲಿ ಉಜ್ಜಿದಳು. "ಹಿಟ್ಟಿದ್ದ ಹಾಗಿದೆ ಸಾರ್."

"ಕಳ್ಳನಿಗೆ ಹೂಳೋಕೆ ಪುರುಸೊತ್ತಿರಬಹುದು," ಇನ್‌ಸ್ಪೆಕ್ಟರ್ ಅಂದರು. "ಮಣ್ಣು ಜರಡಿ ಹಿಡಿಯೋಕೆ?"

ಮಣ್ಣನ್ನು ಪಂಚರ ಎದುರು ಚೀಲಕ್ಕೆ ತುಂಬಿ ಅರಗು ಹಾಕಿದರು. ಅಲ್ಲಿದ್ದ ಜರಡಿಗಳದ್ದೆಲ್ಲ ಹೆಸರುಕಾಳು ಇಳಿಯುವಷ್ಟು ದೊಡ್ಡ ಕಣ್ಣು. ಸಣ್ಣ ಕಣ್ಣಿನ ಜರಡಿ ಯಾರ ಹತ್ತಿರವಿದೆ ಎಂದು ಮೇಲ್ವಿಚಾರಕಿಯನ್ನು ಕೇಳಿದರು. ಆಕೆ ಡಾಕ್ಟರ ಕಡೆ ನೋಡಿ, "ಡಾಕ್ಟರು ಮನೆಯಿಂದ ತಂದಿದ್ದೊಂದಿದೆ. ಮಣಿ ಹುಡುಕೋಕೆ," ಅಂದರು. ಅದನ್ನೂ ವಶಕ್ಕೆ ತೆಗೆದುಕೊಂಡರು.

ಮಧ್ಯಾಹ್ನ ಠಾಣೆಯ ಅಂಗಳದಲ್ಲಿ ಸಿಬ್ಬಂದಿಯೆಲ್ಲ ಕೂತು ಗುಂಡಿಯ ಮಣ್ಣು ಸೋಸಿದರು. ಉತ್ಖನನದವರ ಜರಡಿಯಿಂದ ಎಷ್ಟು ಸಲ ಸೋಸಿದರೂ ಮಣ್ಣಿನಲ್ಲಿ ದಪ್ಪ ಮರಳಿನಂಥ ಹರಳು ಉಳಿಯಿತು. ಡಾಕ್ಟರ ಜರಡಿಯಿಂದ ಒಂದೇ ಸಲಕ್ಕೆ ಚೀಲದಲ್ಲಿದ್ದಂಥದೇ ಮಣ್ಣು ಬಂತು. ದಫೇದಾರರು ಸೀನುತ್ತಲೇ ಒಪ್ಪಿಕೊಂಡರು.

ಸಂಜೆ ಡಾಕ್ಟರ ಮನೆಗೆ ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ಜರಡಿಯನ್ನು ಗುರುತಿಸಿದರು.

"ಅಯ್ಯೋ, ನನ್ನ ಹಿಟ್ಟಿನ ಜರಡಿ. ಬದುಕಿದ್ದೋರ ಹಲ್ಲು ಕಿತ್ತದ್ದು ಸಾಲ್ದು ಅಂತ ಈಗ ಸತ್ತೋರ ಊರು ಕೀಳೋಕೆ ಹೋಗ್ತಾರೆ. ಅದಕ್ಕೆ ನನ್ನ ಅಡುಗೆಮನೆ ಬಲಿ."

"ಭಾನುವಾರ ಎಲ್ಲಿದ್ರು ಅಮ್ಮಾ?"

"ಪೇಪರ್ ನೋಡಿ ತಿಂಡಿನೂ ತಿನ್ನದೆ ಎದ್ದು ಹೋದ್ರು. ಬಂದು ಮಾತೇ ಇಲ್ಲ." ನಗು ನಿಂತಿತು. "ಯಾಕಪ್ಪಾ, ಏನಾಯ್ತು?"

ಡಾಕ್ಟರು ಒಳಗಿನಿಂದ ಬಂದರು. ಇನ್‌ಸ್ಪೆಕ್ಟರ ಕೈಯಲ್ಲಿ ಜರಡಿ ಇತ್ತು.

"ಇವತ್ತು ಬೆಳಗ್ಗೆ ಗುಂಡಿಗೆ ಎಲ್ಲರಿಗಿಂತ ಮೊದಲು ಬಂದದ್ದು ಯಾರು?"

"ನಾನೇ. ದಿನಾ ನಾನೇ."

"ಮಣ್ಣು ಯಾಕೆ ಸೋಸಿದ್ರಿ?"

ಅವರು ಹೆಂಡತಿಯ ಕಡೆ ನೋಡಲಿಲ್ಲ. "ಹಾಗೇ ಮುಚ್ಚಿದ್ರೆ ಹರಳು ತಾಗಿ ಗೀರು ಬೀಳ್ತಿತ್ತು."

"ಕಾವಲುಗಾರನ ನೆನಪು ಬರಲಿಲ್ವಾ?"

"ಎರಡು ದಿನದ ಮಾತು ಅಂದ್ಕೊಂಡೆ. ಸಿಕ್ಕಿದ ಮೇಲೆ ಎಲ್ಲ ಸರಿಹೋಗುತ್ತೆ ಅಂತ."

"ಅವನ ಮಗಳನ್ನ ಕೇಳಿ ನೋಡಿ, ಎರಡು ದಿನ ಅಂದ್ರೆ ಎಷ್ಟುದ್ದ ಅಂತ."

ಡಾಕ್ಟರು ಚಪ್ಪಲಿ ಮೆಟ್ಟಿಕೊಂಡರು. ಬುಧವಾರ ಸಂಜೆ ಐದೂವರೆಗೆ ದಸ್ತಗಿರಿಯಾಯಿತು. ಇನ್‌ಸ್ಪೆಕ್ಟರ್ ಮೇಲ್ವಿಚಾರಕಿಗೆ ಫೋನ್ ಮಾಡಿ, ಕಾವಲುಗಾರನನ್ನು ಕೆಲಸಕ್ಕೆ ಕರೆಯುವಾಗ ಮನೆ ಓನರಮ್ಮನಿಗೂ ಕೇಳಿಸುವ ಹಾಗೆ ಕರೆಯಲು ಹೇಳಿದರು.

ಠಾಣೆಯಲ್ಲಿ ಹೇಳಿಕೆಯನ್ನು ಓದಲು ಕೊಟ್ಟಾಗ ಡಾಕ್ಟರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಆಳ ಬರೆದಿಲ್ಲ ನೀವು."

"ಎಷ್ಟು?"

"ಎರಡು ಬೆರಳು."

ಇನ್‌ಸ್ಪೆಕ್ಟರ್ ಬರೆದುಕೊಂಡರು. "ಶನಿವಾರ ಆ ಅಮ್ಮನಿಗೆ ಸಿಕ್ಕಾಗ?"

"ಅಷ್ಟೇ. ಮೂರು ವರ್ಷದಿಂದ ಬರೀ ಹೆಂಚಿನ ಚೂರು. ಆ ಗುಂಡೀನ ಎದೆಯುದ್ದ ಅಗೆದಿದ್ದೆ. ಉಳಿದಿದ್ದು ಎರಡು ಬೆರಳು ಮಣ್ಣು." ಡಾಕ್ಟರು ಸಹಿ ಹಾಕಿ ಪೆನ್ನು ಕೆಳಗಿಟ್ಟರು. "ಆಗ ಬಾಯಾರಿಕೆ ಆಯ್ತು."