ಅಧ್ಯಕ್ಷರ ಹಿಂದೆ ನಿಂತವನು

ಕೆಥೊಲಿಕರೆಂಬ ಒಂದೇ ಕಾರಣಕ್ಕೆ ಅಮೆರಿಕಾದ ಅಧ್ಯಕ್ಷರು ೧೯೬೨ರಲ್ಲಿ ನಮ್ಮ ಕಾರ್ಕಳದ ಕ್ರೈಸ್ತ ಮನೆಗಳಲ್ಲಿ ಅರ್ಧ ಸಂತರಾಗಿದ್ದರು. ವಾರಪತ್ರಿಕೆಯಿಂದ ಕತ್ತರಿಸಿದ, ಜನರ ಗುಂಪಿನ ಮುಂದೆ ನಿಂತ ಅವರ ಕುಟುಂಬದ ಚಿತ್ರ ದೇವರ ಪೀಠದ ಪಕ್ಕದಲ್ಲೇ ಇರುತ್ತಿತ್ತು.

ನೆರೆಮನೆಯ ಬರ್ತಾಬಾಯಿಯ ಗಂಡ ಮ್ಯಾಥ್ಯೂ ಹಡಗಿನೊಂದಿಗೆ ಮುಳುಗಿ ವರ್ಷವಾಗಿತ್ತು. ಶವ ಸಿಗಲಿಲ್ಲವೆಂದು ಆಕೆ ಕಪ್ಪು ಉಡಲು ಒಪ್ಪಿರಲಿಲ್ಲ. ಒಂದು ಸಂಜೆ ನನ್ನನ್ನು ಮನೆಗೆ ಕರೆದು, ಗೋಡೆಯಲ್ಲಿದ್ದ ಅಧ್ಯಕ್ಷರ ಚಿತ್ರದ ಮೇಲೆ ಬೆರಳಿಟ್ಟಳು.

“ಹಿಂದಿನ ಗುಂಪಿನಲ್ಲಿ ನೋಡಿ ಮಾಸ್ಟ್ರೇ, ಇವರೇ ಅಲ್ವಾ? ಮೊನ್ನೆ ಇನ್ನೂ ಹಿಂದೆ ಇದ್ದರು. ಹೌದು ಅಂತ ಒಂದು ಮಾತು ಹೇಳಿ!”

ಮ್ಯಾಥ್ಯೂವೇ. ಕೂದಲು ಒದ್ದೆಯಾಗಿ ಹಣೆಗಂಟಿತ್ತು.

“ಎಂತದೋ ಹೋಲಿಕೆ, ಬಾಯಿ” ಎಂದು, ಆಕೆಯ ಭ್ರಮೆ ಬಿಡಿಸಲು ಅದೇ ಸಂಚಿಕೆಯ ನನ್ನ ಪ್ರತಿ ತಂದು ತೋರಿಸಿದೆ. ಅದರಲ್ಲಿ ಅವನಿರಲಿಲ್ಲ.

“ಹಾಗಾದರೆ ನಮ್ಮ ಮನೆಗೇ ಬರುತ್ತಿದ್ದಾರೆ” ಎಂದು ಬರ್ತಾಬಾಯಿ ಓಡಿಹೋಗಿ ಬಾಗಿಲ ಚಿಲಕ ತೆಗೆದಳು.

ಏಪ್ರಿಲ್ ಸೆಖೆಯಲ್ಲಿ ಗೋಡೆಯ ಚಿತ್ರದಿಂದ ನೀರು ಜಿನುಗುತ್ತಿತ್ತು. ಬೆರಳಲ್ಲಿ ಒರೆಸಿ ನಾಲಗೆಗೆ ತಾಗಿಸಿದೆ. ಉಪ್ಪಾಗಿತ್ತು.