ಚಿಕ್ಕಯ್ಯನ ಹೊಸ ಪರಿಮಳ

ಹದಿನೈದು ವರ್ಷ ಕಾಗದಪತ್ರವಿಲ್ಲದೆ, ಬರೀ ಬಾಯಿಮಾತಿನ ಮೇಲೆ ತನ್ನೊಡನೆ ವ್ಯಾಪಾರ ನಡೆಸಿದ ಪಾಲುದಾರ ಚಿಕ್ಕಯ್ಯನನ್ನು ಕಂಡರೆ ವಿಜಯ್‌ಕುಮಾರನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೆಸರೆಯ ಶೆಡ್ಡಿನಲ್ಲಿ ಅಗರಬತ್ತಿ ಮಾಡುವುದು ಚಿಕ್ಕಯ್ಯನ ಕಂಪನಿ. ಕುವೆಂಪುನಗರದಲ್ಲಿ ಅದಕ್ಕೆ ಹೆಸರಿಟ್ಟು, ಡಬ್ಬಿಗೆ ತುಂಬಿ, ಊರೂರಿಗೆ ಮಾರುವುದು ಇವನದು. ತಲೆ ತಾನು, ದುಡಿಯುವ ಕತ್ತೆ ಅವನು. ಅಂಥ ಕತ್ತೆ ಒಂದು ಹೊಸ ಪರಿಮಳ ಕಂಡುಹಿಡಿದು, ಮಿಶ್ರಣದ ಗುಟ್ಟನ್ನು ಪಾಲುದಾರನಿಗೇ ಹೇಳದೆ ಇಟ್ಟುಕೊಂಡಿತ್ತು!

"ಇನ್ನೂ ಹದ ಬಂದಿಲ್ಲ ಕಣ್ರೀ. ಬರ್ಲಿ, ಮೊದ್ಲು ನಿಮ್ಗೇ ಹೇಳೋದು" ಎಂದಿದ್ದ ಚಿಕ್ಕಯ್ಯ.

ಅಲ್ಲಿಯವರೆಗೆ ಕಾಯಲು ಇವನೇನು ಅವನ ಭಕ್ತನೇ? ಆ ಗುಟ್ಟು ತಂದರೆ ನಿರ್ದೇಶಕನ ಕುರ್ಚಿ ಕೊಡುವುದಾಗಿ ಹೊರಗಿನ ದೊಡ್ಡ ಕಂಪನಿಯೊಂದು ಹೇಳಿತ್ತು. ನಾಳೆ ಅವರ ಬತ್ತಿ ಮೊದಲು ಅಂಗಡಿಗೆ ಬಂದರೂ ಅನುಮಾನ ಶೆಡ್ಡಿನ ಕೆಲಸದವರ ಮೇಲೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಭಾನುವಾರ ಮಧ್ಯಾಹ್ನ, ಕೆಲಸದವರಿಗೆ ರಜೆ. ಚಿಕ್ಕಯ್ಯ ಕುಂಬಾರಕೊಪ್ಪಲಿನ ಮನೆಯಲ್ಲಿ ಮುದ್ದೆ ನುಂಗಿ ನಿದ್ದೆ ಹೊಡೆಯುವ ಹೊತ್ತು. ಶೆಡ್ಡಿನ ಇನ್ನೊಂದು ಕೀಲಿಯನ್ನು "ನಿಮ್ಮತ್ರಾನೂ ಒಂದಿರ್ಲಿ" ಎಂದು ಕೊಟ್ಟವನೇ ಆ ಪೆದ್ದ. ಕ್ಯಾಮೆರಾ ಹಾಕಿಸಿ ಎಂದರೆ "ನಮ್ಮೋರ್ ಮೇಲೆ ಕಾವಲಾ?" ಎಂದು ನಕ್ಕವನೂ ಅವನೇ. ವಿಜಯ್‌ಕುಮಾರ ಗ್ಲೌಸ್ ತೊಟ್ಟು, ಚಿಕ್ಕಯ್ಯ ಮಿಶ್ರಣ ಬರೆದಿಡುತ್ತಿದ್ದ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು, ಅದನ್ನು ಇದ್ದ ಹಾಗೆಯೇ ಇಟ್ಟ. ಹೊಸ ಸೆಂಟಿನ ಎಣ್ಣೆಯನ್ನು ಒಂದಿಷ್ಟು ಪುಟ್ಟ ಸೀಸೆಗೆ ಸುರಿದುಕೊಂಡ. ಮೇಜಿನ ಮೇಲೆ ಎರಡು ತೊಟ್ಟು ಚೆಲ್ಲಿತು; ಕರ್ಚೀಫಿನಿಂದ ಗುರುತಿಲ್ಲದಂತೆ ಒರೆಸಿ ಜೇಬಿಗಿಟ್ಟ. ಸೀಸೆ ಮೂಸಿ ನೋಡಿದರೆ ವಿಶೇಷವೇನೂ ಅನಿಸಲಿಲ್ಲ. ಇದಕ್ಕೇ ಇಷ್ಟೊಂದು ಗುಟ್ಟೇ!

ಹೊರಗೆ ಬಂದು ಬೀಗ ಹಾಕುವಷ್ಟರಲ್ಲಿ ಫೋನು. "ಸಂಜೆ ಮನೆ ಕಡೆ ಬನ್ರೀ, ಕಾಫಿಗೆ" ಎಂದ ಚಿಕ್ಕಯ್ಯ.

ಹೋಗದಿದ್ದರೆ ಅನುಮಾನ ಬಂದೀತೆಂದು ಹೋದ. ಚಿಕ್ಕಯ್ಯ ಕಾಗದವೊಂದನ್ನು ಮುಂದಿಟ್ಟ. ಹದ ಬಂದಿತ್ತು, ಹೊಸ ಪರಿಮಳದ ಅರ್ಧ ಹಕ್ಕು ವಿಜಯ್‌ಕುಮಾರನ ಕಂಪನಿಗೆ. "ಹದಿನೈದು ವರ್ಷದ ನಂಬಿಕೆ, ಇದೊಂದಾದ್ರೂ ಬರವಣಿಗೇಲಿರ್ಲಿ" ಎಂದು ಸಹಿ ಹಾಕಲು ಪೆನ್ನು ತೆಗೆದ. ವಿಜಯ್‌ಕುಮಾರನಿಗೆ ಒಳಗೊಳಗೇ ನಗು. ತಾನು ಕದ್ದದ್ದನ್ನೇ ಕರೆದು ಕೊಡುತ್ತಿದ್ದಾನಲ್ಲ! ಕಾಫಿ ತಂದಿಟ್ಟ ಬೋರಮ್ಮನತ್ತ, ಒಮ್ಮೆಯೂ ಶೆಡ್ಡಿಗೆ ಕಾಲಿಡದ ಚಿಕ್ಕಯ್ಯನ ಹೆಂಡತಿಯತ್ತ, ಅವನು ತಿರುಗಿಯೂ ನೋಡಲಿಲ್ಲ. ಒಂದು ಗುಟುಕು ಕುಡಿದು, ಕರ್ಚೀಫು ತೆಗೆದು ತುಟಿ ಒರೆಸಿಕೊಂಡ.

ಬೋರಮ್ಮ ಬಾಗಿಲಲ್ಲೇ ನಿಂತಳು. "ಇದೇನಣ್ಣ, ನಮ್ ಹೊಸ ಸೆಂಟು ನಿಮ್ ಕರ್ಚೀಫಲ್ಲಿ ಗಮ್ಮಂತ ಬತ್ತಾ ಅದೆ?" ಚಿಕ್ಕಯ್ಯ ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ. ವರ್ಷಗಟ್ಟಲೆ ಅಗರಬತ್ತಿಯ ನಡುವೆ ಕೂತವರ ಮೂಗು ಸತ್ತಿರುತ್ತದೆ. ಅದು ಗೊತ್ತಿದ್ದೇ ಚಿಕ್ಕಯ್ಯ ಹೆಂಡತಿಯನ್ನು ಶೆಡ್ಡಿನಿಂದ ದೂರವಿಟ್ಟು, ಪ್ರತಿ ಹದವನ್ನೂ ಮನೆಗೆ ತಂದು ಅವಳಿಗೇ ಮೂಸಲು ಕೊಡುತ್ತಿದ್ದ. ವಿಜಯ್‌ಕುಮಾರ ಕರ್ಚೀಫನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದ. ಅವನಿಗೆ ಈಗಲೂ ಏನೂ ಗೊತ್ತಾಗಲಿಲ್ಲ.