ನಲವತ್ತೊಂದನೆಯ ಜೋಡಿ

ಹನ್ನೆರಡು ದಿನದಿಂದ ಅವಳ ಪಟ್ಟಿಯಲ್ಲಿ ಕಾಡುಬಾತುಗಳ ಜೋಡಿ ನಲವತ್ತು. ಆಚೆ ದಡದವನ ಪಟ್ಟಿಯಲ್ಲಿ ನಲವತ್ತೊಂದು.

ಒಂದೇ ಕೆರೆ, ಒಂದೇ ಹೊತ್ತು, ಎರಡು ದಡದಲ್ಲಿ ಎರಡು ದುರ್ಬೀನು. ಚಳಿಗಾಲದಲ್ಲಿ ಬಾತುಗಳು ಜೋಡಿಯಾಗುವುದನ್ನು ಎಣಿಸಿ ಕಚೇರಿಗೆ ಕೊಡುವುದೇ ಇಬ್ಬರ ಕೆಲಸ. ಹಾಗಿದ್ದಮೇಲೆ ಈ ಹೆಚ್ಚಿನ ಜೋಡಿ ಎಲ್ಲಿಂದ ಬಂತು? ಸುಳ್ಳು ಬರೆಯುತ್ತಿದ್ದಾನೆ, ಇನ್ನೇನು!

ಮದುವೆಯಾಗುತ್ತೇನೆಂದು ಎರಡು ವರ್ಷ ಸುಳ್ಳು ಹೇಳಿ ಹೋದವನೊಬ್ಬನನ್ನು ಅವಳು ಕಂಡಿದ್ದಳು. ಹಾಲಿಗೆ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿದರೆ ತಪ್ಪೇನು? ಆದರೂ ಆಚೆ ದಡದವನು ಬೆಳಿಗ್ಗೆ ಟೋಪಿ ಎತ್ತಿ ನಕ್ಕರೆ ಇವಳಿಗೆ ಎಣಿಕೆ ತಪ್ಪುತ್ತಿತ್ತು. ಸಿಟ್ಟೆಲ್ಲ ಅದಕ್ಕೇ.

"ಕಂಪ್ಲೇಂಟ್ ಬರೆದಿದೀನಿ ಚಿಕ್ಕಮ್ಮ. ಕೊಟ್ರೆ ಅವನ ಕೆಲಸ ಹೋಗುತ್ತೆ," ಎಂದಳು ಫೋನಿನಲ್ಲಿ.

"ಹೋದ್ರೆ ನಿಂಗೇನೇ?"

ಅವಳು ಫೋನಿಟ್ಟುಬಿಟ್ಟಳು.

ಹದಿಮೂರನೆಯ ಬೆಳಿಗ್ಗೆ ಕಂಪ್ಲೇಂಟನ್ನು ಜೇಬಿನಲ್ಲಿಟ್ಟುಕೊಂಡು ದಡ ಸುತ್ತಿ ಅವನೆದುರು ನಿಂತಳು.

"ಎಲ್ಲಿ ನಿಮ್ಮ ನಲವತ್ತೊಂದನೇ ಜೋಡಿ? ತೋರ್ಸಿ."

ಅವನು ಸರಿದು ಜಾಗ ಬಿಟ್ಟ. ದುರ್ಬೀನಿನಲ್ಲಿ, ಆಚೆ ದಡದಲ್ಲಿ ಅವಳು ದಿನಾ ನಿಂತು ಎಣಿಸುವ ಅಟ್ಟಣೆಯೇ ಕಂಡಿತು. ಅದರ ಹಲಗೆಯ ಕೆಳಗಿನ ನೆರಳಲ್ಲಿ ಹಸಿರು ತಲೆಯ ಗಂಡು ಕತ್ತು ಕುಣಿಸುತ್ತಿತ್ತು. ಕಂದು ಹೆಣ್ಣು ಓರೆಗಣ್ಣಿನಲ್ಲಿ ನೋಡಿ, ಬೇಡವೆಂಬಂತೆ ತಿರುಗಿ, ಮತ್ತೆ ಅದರ ಪಕ್ಕಕ್ಕೇ ಬಂತು.

ದೀಪದ ಬುಡದಲ್ಲೇ ಕತ್ತಲೆ! ಇಷ್ಟು ದಿನ ಅವು ಅವಳ ಕಾಲಡಿಯಲ್ಲೇ ಇದ್ದವು.

"ಮೊದಲೇ ಹೇಳೋಕೇನಾಗಿತ್ತು ನಿಮ್ಗೆ?"

"ಹೇಳಿದ್ರೆ ಜಗಳಕ್ಕಾದ್ರೂ ಈ ಕಡೆ ಬರ್ತಿದ್ರಾ?"

"ಅಂದ್ರೆ ಬೇಕೂಂತಲೇ ಸುಮ್ನಿದ್ರಿ!"

"ಹೂಂ. ಎಣಿಕೆ ನಿಜ. ನೀವಂದ್ರೆ ನಂಗಿಷ್ಟ, ಅದೂ ನಿಜ."

ಅವನ ಮುಖದಲ್ಲಿ ಸುಳ್ಳಿನ ಸುಳಿವು ಹುಡುಕಿದಳು. ಕಿವಿ ಕೆಂಪಾಗಿತ್ತು, ಅಷ್ಟೇ.

"ಚಳಿ ಮುಗಿದ್ರೆ ನಂಗೆ ನಮ್ಮೂರಿಗೆ ವರ್ಗ. ಆಮೇಲೆ ನೀವೆಲ್ಲೋ, ನಾನೆಲ್ಲೋ," ಎಂದಳು.

"ಬಾತು ಎಣಿಸೋರಿಗೆ ಇದು ಗೊತ್ತಿಲ್ವಾ? ಜೋಡಿಯಾದ್ಮೇಲೆ ಹೆಣ್ಣು ಹುಟ್ಟಿದ ಜಾಗಕ್ಕೇ ಗಂಡೂ ಹಿಂದೆ ಹಾರುತ್ತೆ. ನಿಮ್ಮ ವರ್ಗದ ವಿಷಯ ಕಚೇರೀಲಿ ಗೊತ್ತಾಯ್ತು, ನಾನೂ ನಿಮ್ಮೂರಿಗೇ ಕೇಳಿದೀನಿ."

"ಬರೀ ಮಾತು! ಅರ್ಜಿ ತೋರ್ಸಿ."

ಅವನು ಚೀಲದಿಂದ ಪ್ರತಿ ತೆಗೆದುಕೊಟ್ಟ. ಅವಳು ಎರಡು ಸಲ ಓದಿದಳು. ಊರಿನ ಹೆಸರು ಸರಿಯಾಗಿತ್ತು. ತಾರೀಖು ಹೋದ ವಾರದ್ದು, ಮೇಲೆ ಕಚೇರಿಯ ಸೀಲೂ ಇತ್ತು.

ಕಂಪ್ಲೇಂಟನ್ನು ತೆಗೆದು ಅವನ ಕೈಗಿಟ್ಟಳು. "ಇದನ್ನ ನೀವೇ ಹರಿದುಹಾಕಿ."

ಅರ್ಜಿಯನ್ನು ಮಾತ್ರ ಮಡಚಿ ತನ್ನ ಜೇಬಿಗೆ ಸೇರಿಸಿದಳು.

"ಅದು ನಂದು," ಎಂದ ಅವನು.

"ಗೊತ್ತು. ನಮ್ಮೂರಿಗೆ ಬಂದು ಇಸ್ಕೊಳ್ಳಿ."